ನಿಂತ ನೀರಿನ ಪರೀಕ್ಷೆ

“ಗುರುಗಳೇ, ನನ್ನ ಲೆಕ್ಕ ನದಿಯ ಪ್ರವಾಹವನ್ನು ಚೆನ್ನಾಗಿಯೇ ತೋರಿಸುತ್ತಿದೆ. ಆದರೂ ಮೊದಲು ನಿಂತ ನೀರಿನ ಮೇಲೆ ಪರೀಕ್ಷಿಸು ಎನ್ನುತ್ತೀರಿ. ಏನೂ ನಡೆಯದ ಕಡೆ ನೋಡುವುದೇನಿದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಅಣೆಕಟ್ಟಿನ ಕೆಳಗೆ ಒಂದು ಊರಿತ್ತು. ಬಾಗಿಲು ತೆರೆದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವ ಕೆಲಸ ವಾಗ್ದೇವಿ ಎಂಬ ಗಣಿತಜ್ಞೆಯದು. ಒಂದು ಮಳೆಗಾಲ ಮೇಲಿನ ಹೊಳೆಗಳೆಲ್ಲ ಒಟ್ಟಿಗೆ ಉಕ್ಕಿದವು. ಮರುದಿನ ಬಾಗಿಲು ತೆರೆಯದೆ ಬೇರೆ ದಾರಿಯಿರಲಿಲ್ಲ. ನೇಕಾರರ ಓಣಿಗೆ ನೀರು ಬಾರದು ಎಂದಿತು ಆಕೆಯ ಲೆಕ್ಕ. ಜನರನ್ನೆಲ್ಲ ಆ ಓಣಿಯ ಛತ್ರಕ್ಕೆ ಸಾಗಿಸಲು ಅಧಿಕಾರಿ ಸಿದ್ಧನಾದ.

ವಾಗ್ದೇವಿ ತಡೆದಳು. ಅದೇ ಲೆಕ್ಕಕ್ಕೆ ನದಿಯ ಬದಲು ಕಲ್ಪನೆಯ ಒಂದು ಕೆರೆಯನ್ನು ಕೊಟ್ಟು ನೋಡಿದಳು. ತಳ ಏರುಪೇರು; ಗಾಳಿಯಿಲ್ಲ, ಒಳಹರಿವಿಲ್ಲ. ಅಂಥ ನೀರು ಸುಮ್ಮನೆ ನಿಂತಿರಬೇಕು. ಪರದೆಯ ಮೇಲೆ ಅದು ಅಲೆಯೆದ್ದು ಹರಿಯತೊಡಗಿತು.

“ಮೇಡಂ, ಹೊತ್ತಾಗುತ್ತಿದೆ. ಇರುವ ಉತ್ತರವನ್ನೇ ಕೊಡಿ,” ಎಂದ ಅಧಿಕಾರಿ.

“ನಿಂತ ಕೆರೆಯನ್ನು ಹರಿಸುವ ಲೆಕ್ಕ ಇದು. ಇದನ್ನು ನಂಬಿ ಮಕ್ಕಳುಮರಿಗಳನ್ನು ಎಲ್ಲಿಗೆ ಕಳಿಸುತ್ತೀರಿ?” ಎಂದಳು ಆಕೆ.

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತ. ಆಕೆ ಮತ್ತೆ ಮೊದಲಿನಿಂದ ಹುಡುಕಿದಳು. ತಳದ ಇಳಿಜಾರು ನೀರನ್ನು ಒಂದು ಕಡೆಗೆ ತಳ್ಳುತ್ತದೆ, ನೀರಿನ ಒತ್ತಡ ಇನ್ನೊಂದು ಕಡೆಗೆ. ನಿಂತ ನೀರಿನಲ್ಲಿ ಎರಡೂ ಸಮ. ಆಕೆ ಎರಡನ್ನೂ ಬೇರೆ ಬೇರೆ ಬಗೆಯಲ್ಲಿ ಅಳೆದಿದ್ದಳು. ಉಳಿದ ಚೂರು ವ್ಯತ್ಯಾಸವೇ ಅಲೆಯಾಗಿತ್ತು. ಎರಡಕ್ಕೂ ಒಂದೇ ಅಳತೆ ಇಟ್ಟಳು. ಲೆಕ್ಕ ನೆಲವನ್ನು ಚೌಕಗಳಾಗಿಯೂ ಕಾಲವನ್ನು ಹೆಜ್ಜೆಗಳಾಗಿಯೂ ಹಂಚಿಕೊಂಡಿತ್ತು; ಆ ಹೆಜ್ಜೆಗಳನ್ನೂ ಸಣ್ಣದಾಗಿ ಕತ್ತರಿಸಿದಳು, ಒಂದು ಹೆಜ್ಜೆಯಲ್ಲಿ ನೀರು ಪಕ್ಕದ ಚೌಕವನ್ನು ದಾಟಿ ಹಾರಬಾರದಲ್ಲ. ಕೆರೆ ನಿಂತಿತು. ಆಮೇಲೆಯೇ ಲೆಕ್ಕದೊಳಕ್ಕೆ ನದಿಯನ್ನು ಬಿಟ್ಟಳು. ಈಗ ಪರದೆಯ ಮೇಲೆ ಮುಳುಗಿದ್ದು ನೇಕಾರರ ಓಣಿ. ನೀರು ತಾಗದೆ ಉಳಿದದ್ದು ಗುಡ್ಡದ ಶಾಲೆ.

ಜನ ಶಾಲೆಗೆ ಹೋದರು. ಕೆಲವರು ಬೈದುಕೊಂಡೇ ಹತ್ತಿದರು. ಮರುದಿನ ಛತ್ರದ ಕಿಟಕಿಯ ಮಟ್ಟಕ್ಕೆ ನೀರು ಬಂತು. ಗುಡ್ಡದ ಮೇಲೆ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಹುಡುಕಿಕೊಂಡರು. ಯಾರೂ ಕಡಿಮೆಯಿರಲಿಲ್ಲ.

ಶಿಷ್ಯನ ಮುಖ ಅರಳಿತು. “ಅಂತೂ ಆಕೆಯ ಲೆಕ್ಕ ಸರಿ ಎಂದು ಪ್ರವಾಹವೇ ತೋರಿಸಿಕೊಟ್ಟಿತು!”

“ಪ್ರವಾಹ ಬಾರದೆ ಹೋಗಿದ್ದರೂ, ಲೆಕ್ಕವನ್ನು ಮೊದಲು ನಿಂತ ಕೆರೆಯ ಮೇಲೆ ನೋಡಿದ್ದು ಸರಿಯೇ ಆಗಿರುತ್ತಿತ್ತು,” ಎಂದರು ಗುರುಗಳು.