ಎಣ್ಣೆ ವ್ಯಾಪಾರಿಯ ಬಿಳಿ ನೆಲ

“ಗುರುಗಳೇ, ಮಠಕ್ಕೆ ಬಂದ ಮೇಲೆ ಮನುಷ್ಯ ಕೆಡುವುದುಂಟೇ?”

ಕೇಳಿದವನು ಅಡವಯ್ಯ. ಮಠ ಸೇರಿ ಎಂಟು ತಿಂಗಳಾಗಿತ್ತು. ಬಗಲಲ್ಲಿ ಬಟ್ಟೆಯ ಗಂಟಿತ್ತು. ಉತ್ತರ ಏನೇ ಬರಲಿ, ಇವತ್ತು ಊರಿಗೆ ಹೊರಡುವುದೇ ಸರಿ ಎಂದು ತೀರ್ಮಾನಿಸಿಕೊಂಡೇ ಬಂದಿದ್ದ.

“ಏನಾಯಿತು?” ಎಂದರು ಗುರುಗಳು.

“ಊರಿನಲ್ಲಿದ್ದಾಗ ನಾನು ಒಳ್ಳೆಯವನಾಗಿದ್ದೆ. ಸಿಟ್ಟು, ಹೊಟ್ಟೆಕಿಚ್ಚು ಅಂದರೆ ಏನೆಂದೇ ಗೊತ್ತಿರಲಿಲ್ಲ. ಇಲ್ಲಿ ಕಣ್ಣು ಮುಚ್ಚಿ ಕೂತರೆ ಅವೇ ಕಾಣುತ್ತವೆ. ನಿನ್ನೆ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಎರಡು ಹಪ್ಪಳ ಬಿದ್ದವು, ನನಗೆ ಒಂದೇ. ಧ್ಯಾನಕ್ಕೆ ಕೂತವನು ಅರ್ಧ ತಾಸು ಆ ಹಪ್ಪಳವನ್ನೇ ಧ್ಯಾನಿಸಿದೆ. ನನಗೇ ನನ್ನ ಮೇಲೆ ಹೇಸಿಗೆಯಾಗಿದೆ. ಅಪ್ಪಣೆ ಕೊಡಿ, ಹೊರಡುತ್ತೇನೆ. ಊರಿಗೆ ಹೋದರೆ ಮೊದಲಿನಂತಾದೇನು.”

ಗುರುಗಳು ನಗಲಿಲ್ಲ. “ಹೊರಡುವೆಯಂತೆ. ಒಂದು ಕತೆ ಕೇಳಿಕೊಂಡು ಹೊರಡು,” ಎಂದು ಶುರು ಮಾಡಿದರು.

ಒಬ್ಬ ಎಣ್ಣೆ ವ್ಯಾಪಾರಿ. ದಿನವಿಡೀ ಗಾಣದ ಮುಂದೆ ನಿಲ್ಲುವವನು. ಸಂಜೆ ಮನೆಗೆ ಬಂದರೆ ನೇರವಾಗಿ ನಡುಮನೆಯ ತೂಗುಮಣೆಯ ಮೇಲೆ ಕೂರುವವನು. ಮನೆಯ ನೆಲ ಕರಿಕಲ್ಲಿನದು. ಊಟಕ್ಕೆಂದು ಎದ್ದಾಗ ಆ ನೆಲದ ಮೇಲೆ ವಾರಕ್ಕೆರಡು ಸಲವಾದರೂ ಜಾರುತ್ತಿದ್ದ. ಜಾರಿದಾಗಲೆಲ್ಲ ಸೊಸೆಯನ್ನು ಬೈಯುತ್ತಿದ್ದ. ಪಾಪ, ಅವಳು ಎರಡು ಹೊತ್ತೂ ನೆಲ ಒರೆಸುತ್ತಿದ್ದಳು. ಆದರೂ ಬೈಗುಳ ತಪ್ಪುತ್ತಿರಲಿಲ್ಲ.

ಕೊನೆಗೆ ವ್ಯಾಪಾರಿ ಒಂದು ಉಪಾಯ ಹೂಡಿದ. ಸೊಸೆಯ ಕೊಳಕುತನ ಎಲ್ಲರ ಕಣ್ಣಿಗೂ ಬೀಳಬೇಕು, ಅವಳನ್ನು ತವರಿಗೆ ಕಳಿಸಬೇಕು. ಕರಿಕಲ್ಲಿನ ಮೇಲೆ ಮರದ ನೆಲ ಹಾಸಲು ಬಡಗಿಯನ್ನು ಕರೆಸಿದ. ಬಡಗಿ ಎರಡು ಹಲಗೆ ತಂದು ತೋರಿಸಿದ. ಒಂದು ಕಪ್ಪು ಬೀಟೆ. ಇನ್ನೊಂದು ತಿಳಿಬಣ್ಣದ ಗಟ್ಟಿಮರ, ಬಾಳೆದಿಂಡಿನಷ್ಟು ಬೆಳ್ಳಗಿತ್ತು.

“ಬೀಟೆ ಹಾಕಿಸಿ ಯಜಮಾನರೇ. ಏನು ಚೆಲ್ಲಿದರೂ ಕಾಣೋದಿಲ್ಲ.”

“ಕಾಣಲಿ ಅಂತಲೇ ಹಾಕಿಸ್ತಿರೋದು. ಬೆಳ್ಳಗಿನದೇ ಹಾಕು.”

ಹದಿನೈದು ದಿನಗಳಲ್ಲಿ ನೆಲ ಸಿದ್ಧವಾಯಿತು. ಸೊಸೆ ಒರೆಸಿದಳು. ಸಂಜೆ ವ್ಯಾಪಾರಿ ಬಂದ, ಎಂದಿನಂತೆ ತೂಗುಮಣೆಯ ಮೇಲೆ ಕೂತ, ಉಂಡ, ಮಲಗಿದ. ಬೆಳಗಾಗೆದ್ದು ನೋಡಿದರೆ ಹೊಸ್ತಿಲಿನಿಂದ ತೂಗುಮಣೆಯವರೆಗೆ ಸಾಲಾಗಿ ಎಣ್ಣೆಯ ಕಲೆ!

ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು, ಸೊಸೆಯ ಕೆಲಸ ನೋಡಿ ಎಂದು ತೋರಿಸಿದ. ಸೊಸೆ ಕಾಲು ಒದ್ದೆ ಮಾಡಿಕೊಂಡು ಬಂದು ಒಂದು ಕಲೆಯ ಪಕ್ಕದಲ್ಲಿ ಹೆಜ್ಜೆ ಊರಿದಳು. ಅವಳ ಹೆಜ್ಜೆ ಅದರ ಅರ್ಧದಷ್ಟೂ ಇರಲಿಲ್ಲ. ನೆರೆದವರ ಕಣ್ಣು ಮೆಲ್ಲಗೆ ವ್ಯಾಪಾರಿಯ ಪಾದಗಳ ಕಡೆ ಹೊರಳಿತು.

ಉಳಿ, ಗರಗಸ ಒಯ್ಯಲು ಬಂದಿದ್ದ ಬಡಗಿ ಅಲ್ಲೇ ನಿಂತಿದ್ದ. ವ್ಯಾಪಾರಿ ಅವನ ಮೇಲೆ ಹರಿಹಾಯ್ದ.

“ಎಂಥ ಮರ ತಂದು ಹಾಕಿದೀಯಯ್ಯಾ! ಎಣ್ಣೆ ಬಿಡ್ತಾ ಇದೆ!”

“ಮರ ಎಣ್ಣೆ ಬಿಟ್ಟರೂ ಬಿಟ್ಟೀತು ಯಜಮಾನರೇ. ಐದು ಬೆರಳು ಬಿಡೋದಿಲ್ಲ.”

ವ್ಯಾಪಾರಿ ನೆರೆದವರೆಲ್ಲ ಹೋದ ಮೇಲೆ ಬಡಗಿಯನ್ನು ಬದಿಗೆ ಕರೆದು, ನೆಲಕ್ಕೆಲ್ಲ ಕಪ್ಪು ಬಣ್ಣ ಬಳಿದುಬಿಡು ಎಂದ. ಬಣ್ಣ ಒಣಗಿದ ಮೇಲೆ ಹುಡುಕಿದರೂ ಒಂದು ಕಲೆ ಸಿಗಲಿಲ್ಲ. ಅಂತೂ ಮನೆ ಚೊಕ್ಕಟವಾಯಿತು ಎಂದುಕೊಂಡ. ಅಂದು ಸಂಜೆ ಗಾಣದಿಂದ ಬಂದು ನೆಮ್ಮದಿಯಾಗಿ ತೂಗಿಕೊಂಡ. ಊಟಕ್ಕೆ ಕರೆ ಬಂತು. ಎದ್ದ, ಮೂರನೆಯ ಹೆಜ್ಜೆಗೆ ಜಾರಿ ಬಿದ್ದ. ಬಿದ್ದಲ್ಲಿಂದಲೇ ಸೊಸೆಯನ್ನು ಬೈಯಲು ಶುರು ಮಾಡಿದ.

ಅಡವಯ್ಯನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ, ಬಗಲಿನ ಗಂಟು ಕೆಳಗೆ ಬೀಳುವಷ್ಟು ನಕ್ಕ.

“ಎಂಥ ಪೆದ್ದ ಗುರುಗಳೇ! ಒಂದು ಚೊಂಬು ನೀರಿನಲ್ಲಿ ಕಾಲು ತೊಳೆದುಕೊಂಡಿದ್ದರೆ ಮುಗಿಯುತ್ತಿತ್ತಲ್ಲ!”

ಗುರುಗಳು ಬಗ್ಗಿ ಗಂಟನ್ನು ಎತ್ತಿ, ಧೂಳು ಕೊಡವಿ, ಅವನ ಕೈಗೆ ಕೊಟ್ಟರು.

“ಇದರಲ್ಲಿ ಕಪ್ಪು ಬಣ್ಣದ ಡಬ್ಬಿಗೆ ಜಾಗ ಬಿಟ್ಟಿದ್ದೀಯಾ?”