ಹುರುಳಿಯ ಕಟ್ಟು, ಬಾದಾಮಿಯ ಹೆಸರು

ಜ್ವರ ಬಂದು ಸೊರಗಿದ್ದ ಪುಟ್ಟಸಿದ್ದಮ್ಮನಿಗೆ ಸೊಸೆ ದಿನವೂ ಹುರುಳಿ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಬಿಸಿ ಕಟ್ಟು ಕುಡಿಸಿದಳು. ತಿಂಗಳೊಳಗೆ ಮುದುಕಿ ಎದ್ದು ಓಡಾಡಿದಳು.

ನೋಡಲು ಬಂದ ಬೀಗಿತ್ತಿ ಕೇಳಿದಳು, “ಇಷ್ಟು ಬೇಗ ಚೇತರಿಸಿಕೊಂಡಿರಲ್ಲ, ಏನು ತಿಂದಿರಿ?”

“ಬಾದಾಮಿ ಕಣಮ್ಮ,” ಎಂದು ಪುಟ್ಟಸಿದ್ದಮ್ಮ ಗಾಜಿನ ಭರಣಿ ತೋರಿಸಿದಳು.

ಪಕ್ಕದ ಡಬ್ಬಿಯಲ್ಲಿದ್ದ ಹುರುಳಿಗೆ ಹೊಟ್ಟೆ ಉರಿಯಿತು. “ಅಯ್ಯಾ ಬಾದಾಮಿ, ಕುದಿದು ಸತ್ತವರು ನಮ್ಮವರು. ನೀನು ಭರಣಿಯಿಂದ ಹೊರಗೇ ಬರಲಿಲ್ಲ. ನಿಜ ಹೇಳಬಾರದೇ?”

“ಹೇಳಿದರೆ ನನ್ನನ್ನು ಗಾಜಿನೊಳಗೆ ಯಾರು ಇಟ್ಟುಕೊಳ್ಳುತ್ತಾರೆ?” ಎಂದಿತು ಬಾದಾಮಿ.

ಬೀಗಿತ್ತಿ ಹೊರಟ ಮೇಲೆ ಪುಟ್ಟಸಿದ್ದಮ್ಮ ಸೊಸೆಯನ್ನು ಕೂಗಿದಳು.

“ನಾಳೆಗೆ ಹುರುಳಿ ನೆನೆಹಾಕೇ. ನಾವು ಅದನ್ನು ತಿನ್ನುತ್ತೇವೆಂದು ಯಾರ ಹತ್ತಿರವೂ ಬಾಯಿಬಿಡಬೇಡ.”