ಅರಗು ಕರಗಲು ಒಪ್ಪಿದ ದಿನ

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ, ನದಿಗೆ ತನ್ನ ದಾರಿ ಪೂರ್ತಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಯಾವ ವಸ್ತುವೂ ಕರಗುತ್ತಿರಲಿಲ್ಲ. ಕಬ್ಬಿಣ ಸೆಟೆದು ನಿಲ್ಲುತ್ತಿತ್ತು, ಮೇಣವೂ ಸೆಟೆದು ನಿಲ್ಲುತ್ತಿತ್ತು. ಬೆಂಕಿ ಬಂದು ಮಾತಾಡಿಸಿದರೆ ಎಲ್ಲವೂ ಮುಖ ತಿರುಗಿಸುತ್ತಿದ್ದವು.

ನದಿಯ ದಡದಲ್ಲಿ ಸಿರಿಯವ್ವ ಇದ್ದಳು. ಲೋಕದ ಮೊದಲ ದೋಣಿ ಮಾಡಿದವಳು ಅವಳೇ. "ನನ್ನ ದೋಣಿ ಮುಳುಗೋದಿಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಹಾಗೆ ಹೇಳಿಕೊಳ್ಳುವುದು ಅವಳಿಗೆ ಒಪ್ಪುತ್ತಿತ್ತು.

ಒಂದು ಬೆಳಿಗ್ಗೆ ನದಿ ಉಬ್ಬತೊಡಗಿತು. ನಡುಗಡ್ಡೆಯಲ್ಲಿ ಸಿರಿಯವ್ವನ ಮಗಳು ಕೆಂಚವ್ವ ಹಸುಗೂಸಿನೊಂದಿಗೆ ಇದ್ದಳು. ಸಿರಿಯವ್ವ ದೋಣಿಯತ್ತ ಓಡಿದಳು. ನೋಡಿದರೆ, ತಳದಲ್ಲಿ ಮೊಳದುದ್ದ ಬಿರುಕು!

"ನದಿಯವ್ವಾ, ಸ್ವಲ್ಪ ತಡಿ."

"ತಡಿಯೋದು ನನಗೆ ಬರೋದಿಲ್ಲ ತಾಯಿ," ಎಂದಿತು ನದಿ. "ಬಿರುಕು ಕಂಡಲ್ಲಿ ನುಗ್ಗೋದು ನನ್ನ ಗುಣ. ಮಧ್ಯಾಹ್ನದೊಳಗೆ ನಡುಗಡ್ಡೆ ಮುಳುಗುತ್ತೆ."

ಸಿರಿಯವ್ವ ಕಲ್ಲನ್ನು ಕರೆದಳು. "ಈ ಬಿರುಕಲ್ಲಿ ಕೂತ್ಕೋ ಬಾ."

"ನನ್ನ ಆಕಾರ ನನ್ನದು. ನಿನ್ನ ಬಿರುಕಿನ ಆಕಾರ ನನಗ್ಯಾಕೆ?" ಎಂದಿತು ಕಲ್ಲು.

ಜೇಡಿಮಣ್ಣು ಒಳ್ಳೆಯ ಮನಸ್ಸಿನದು, ಕರೆದ ಕೂಡಲೇ ಬಂತು. ಆದರೆ ನೀರು ತಾಗಿದ್ದೇ ತಡ, ಕದಡಿ ಹೋಯಿತು. ಉಳಿದ ಮಣ್ಣು ಹಟ ಹಿಡಿದು ಬೆಂಕಿಯೊಳಗೆ ಹೊಕ್ಕಿತು. ಹೆಂಚಿನಂತೆ ಗಟ್ಟಿಯಾಗಿ ಹೊರಬಂತು.

"ಗಟ್ಟಿಯೇನೋ ಆದೆ ಅವ್ವಾ, ಇನ್ನು ಬಾಗಲಾರೆ," ಎಂದಿತು. "ಬೆಂಕಿಗೆ ನಾನು ಒಂದೇ ಸಲ ಮಾತು ಕೊಡೋದು."

ಸಿರಿಯವ್ವ ಕುಸಿದು ಕೂತಳು. ಆಗ ಮುತ್ತುಗದ ಮರದಿಂದ ಸಣ್ಣ ದನಿ ಕೇಳಿತು. "ನಾನು ಬರಲಾ?"

ಅದು ಅರಗು. ಕೊಂಬೆಯ ಮೇಲೆ ಪುಟ್ಟ ಪುಟ್ಟ ಹುಳುಗಳು ಕಟ್ಟಿಕೊಂಡ ಮನೆ. ಎಲ್ಲರೂ ಅದನ್ನು 'ಮರದ ಕಜ್ಜಿ' ಎಂದು ಆಡಿಕೊಳ್ಳುತ್ತಿದ್ದರು.

ಸಿರಿಯವ್ವ ಅದನ್ನು ಬೊಗಸೆಯಲ್ಲಿ ಹಿಡಿದು ಬೆಂಕಿಯ ಬಳಿ ಓಡಿದಳು.

"ಬೆಂಕಿಯಣ್ಣಾ, ಕರಗಿದರೆ ನಾನು ಇಲ್ಲವಾಗ್ತೀನಾ?" ಎಂದು ಕೇಳಿತು ಅರಗು.

"ಇಲ್ಲ ಕಂದಾ. ನಿನ್ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಕೂತಿವೆ. ಬಿಸಿ ತಾಗಿದರೆ ಅವು ಕುಣಿಯುತ್ತವೆ, ಹಿಡಿತ ಸಡಿಲಿಸಿ ಜಾರುತ್ತವೆ. ತಣ್ಣಗಾದ ಮೇಲೆ ಮತ್ತೆ ಹಿಡಿದುಕೊಳ್ಳುತ್ತವೆ. ನೀನು ನೀನೇ ಆಗಿರ್ತೀಯ. ಆದರೆ ತೀರಾ ಹತ್ತಿರ ಬರಬೇಡ, ಸುಟ್ಟುಹೋಗ್ತೀಯ. ಒಂದು ಗೇಣು ದೂರ ನಿಲ್ಲು."

ಅರಗು ಕಣ್ಣು ಮುಚ್ಚಿತು. ಮೊದಲು ಮೆತ್ತಗಾಯಿತು. ಆಮೇಲೆ ಜೇನಿನಂತೆ ಮಂದವಾಗಿ ಇಳಿಯಿತು. ಸಿರಿಯವ್ವ ಅದನ್ನು ಬಿರುಕಿನ ಉದ್ದಕ್ಕೂ ಎಳೆದಳು. ಬೆರಳು ಚುರ್ ಎಂದರೂ ಬಿಡಲಿಲ್ಲ. ಗಾಳಿ ಓಡಿಬಂದು ಉಫ್ ಉಫ್ ಎಂದು ಊದಿತು. ಅರಗು ಕಲ್ಲಿನಂತೆ ಗಟ್ಟಿಯಾಯಿತು.

"ಅರೇ, ನಾನು ನಾನೇ!" ಎಂದು ಕೂಗಿತು.

ಸಿರಿಯವ್ವ ಹುಟ್ಟು ಹಾಕಿದಳು. ನದಿ ತಳವನ್ನೆಲ್ಲ ತಡಕಿತು, ಒಂದು ಹನಿಗೂ ದಾರಿ ಸಿಗಲಿಲ್ಲ. ನಡುಗಡ್ಡೆ ಮುಟ್ಟುವಾಗ ಕೆಂಚವ್ವ ಸೊಂಟಮಟ್ಟ ನೀರಿನಲ್ಲಿ ನಿಂತು ಕೂಸನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು.

ಮಗಳೂ ಕೂಸೂ ದೋಣಿಯೊಳಗೆ ಬಂದು ಸುಧಾರಿಸಿಕೊಂಡ ಮೇಲೆ ಕೆಂಚವ್ವ ಕೇಳಿದಳು, "ಅವ್ವಾ, ಇದೇನು ಕೆಂಪು ಗೆರೆ? ದೋಣಿಗೆ ಗಾಯವಾಗಿತ್ತಾ?"

"ಗಾಯ ಅನ್ನಬೇಡ ಮಗಳೇ. ಇದು ನನ್ನ ದೋಣಿಯ ಒಡವೆ," ಎಂದಳು ಸಿರಿಯವ್ವ. ಅರಗಿನ ಎದೆ ಹಿಗ್ಗಿಹೋಯಿತು.

ದಡದಲ್ಲಿ ನಿಂತು ನೋಡಿದ ಮೇಣ ಅಂದೇ ಬೆಂಕಿಯ ಬಳಿ ಹೋಗಿ, "ನನಗೆ ಚೂರೇ ಬಿಸಿ ಸಾಕು" ಎಂದಿತು. ಕಬ್ಬಿಣ ಮಾತ್ರ ಮೀಸೆ ತಿರುವಿ, "ಕುಲುಮೆಯಷ್ಟು ಕಾದರಷ್ಟೇ ನಾನು ಮಣಿಯೋದು" ಎಂದಿತು. ಕೊನೆಗೆ ಹಟಮಾರಿ ಕಲ್ಲೂ ಭೂಮಿಯ ಹೊಟ್ಟೆಯಾಳದಲ್ಲಿ ಕರಗಲು ಒಪ್ಪಿತು. ಎಷ್ಟೋ ಕಾಲದ ಮೇಲೆ ಹುಟ್ಟಿದ ಪ್ಲಾಸ್ಟಿಕ್ಕಿನ ಮಕ್ಕಳಲ್ಲಿ ಬಕೆಟ್ಟು, ಬಾಚಣಿಗೆ, ಬಾಟಲಿಗಳು ಮತ್ತೆ ಮತ್ತೆ ಕರಗಿ ಗಟ್ಟಿಯಾಗುವ ಅರಗಿನ ಬಳಗ ಸೇರಿದವು. ಕುಕ್ಕರಿನ ಕಪ್ಪು ಹಿಡಿಕೆ ಮಾತ್ರ, ಒಂದೇ ಸಲ ಮಾತು ಕೊಟ್ಟು ಮತ್ತೆಂದೂ ಮೆತ್ತಗಾಗದ ಮಣ್ಣಿನ ಕಡೆಗೆ ಹೋಯಿತು.

ಅದಕ್ಕೇ ಮಗೂ, ಒಲೆಯ ಪಕ್ಕ ಮರೆತಿಟ್ಟ ನಿನ್ನ ಪ್ಲಾಸ್ಟಿಕ್ ಲೋಟ ಇವತ್ತು ಸೊಂಟ ಬಳುಕಿಸಿ ನಿಂತಿದೆ, ಅಜ್ಜಿಯ ಮಣ್ಣಿನ ಮಡಕೆ ಅದೇ ಒಲೆಯ ಮೇಲೆ ಅಲ್ಲಾಡದೆ ಕೂತಿದೆ.